ಅಪ್ಪಾ, ನಿಮ್ಮ ತೂಗುಗುಂಡು ಬೇಕಾಗಿದೆ

ಹೆಲ್ಸಿಂಕಿ, ಫಿನ್‌ಲ್ಯಾಂಡ್
ಫೆಬ್ರವರಿ, ಭಾನುವಾರ

ಪ್ರೀತಿಯ ಅಪ್ಪ, ಅಮ್ಮ,

ಇಬ್ಬರಿಗೂ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಹೊರಗೆ ಮೈನಸ್ 14 ಇದೆ. ಪುಟ್ಟಿಗೆ ನೆಗಡಿ ಬಂದು ಹೋಯಿತು. ಅಮ್ಮ ಕೊಟ್ಟು ಕಳಿಸಿದ ಸಾರಿನಪುಡಿ ಇನ್ನೂ ಅರ್ಧ ಡಬ್ಬಿ ಇದೆ, ಆ ಯೋಚನೆ ಬೇಡ.

ಅಪ್ಪ, ಹೋದ ವಾರ ಫೋನಲ್ಲಿ ಕೇಳಿದಿರಲ್ಲ, "ಬಟಾಣಿ ಇಟ್ಕೊಂಡು ಮನೆ ಕಟ್ಟಿಸ್ತಾರಂತೆ, ಅದೆಂಥ ಪಾಠ?" ಅಂತ. ಅಷ್ಟರಲ್ಲಿ ಲೈನ್ ಕಟ್ ಆಯಿತು. ಫೋನಲ್ಲಿ ಹೇಳಿದರೆ ನೀವು ನಕ್ಕು ಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ತಮ್ಮ ಓದಿ ಹೇಳಲಿ.

ಇಲ್ಲಿನ ಸ್ಕೂಲುಗಳಲ್ಲಿ ವರ್ಷಕ್ಕೊಂದು ಸಲವಾದರೂ ನಾಲ್ಕಾರು ಪಾಠ ಸೇರಿಸಿ ಒಂದೇ ವಿಷಯದ ಮೇಲೆ ಕೆಲಸ ಮಾಡಿಸಬೇಕು. ಪುಟ್ಟಿಯ ಕ್ಲಾಸಿಗೆ ಈ ಸಲ ಬಂದದ್ದು 'ಮನೆ'. ಕೈ ಜೋಡಿಸೋಕೆ ಬರ್ತೀರಾ ಅಂತ ಕೇಳಿದ್ದರು, ನಾನು ಮೂರು ದಿನ ಬೆಳಿಗ್ಗೆ ಹೋಗಿದ್ದೆ.

ಒಣ ಬಟಾಣಿ ರಾತ್ರಿ ನೆನೆಹಾಕಿ, ನೀರು ಬಸಿದು, ಮೇಜಿಗೊಂದು ಬಟ್ಟಲು ಇಟ್ಟಿದ್ದರು. ಪಕ್ಕದಲ್ಲಿ ಹಲ್ಲುಕಡ್ಡಿ. ಕಡ್ಡಿಯೇ ಕಂಬ, ಕಡ್ಡಿಯೇ ತೊಲೆ. ಅವನ್ನು ಸೇರಿಸೋದಕ್ಕೆ ಬಟಾಣಿ. ಮೇಲೊಂದು ದಪ್ಪ ಪುಸ್ತಕ ಇಟ್ಟರೂ ಬೀಳದ ಮನೆ ಕಟ್ಟಬೇಕು, ಅಷ್ಟೇ ಕೆಲಸ. ಪುಟ್ಟಿಯ ಗುಂಪಲ್ಲಿ ನಾಲ್ಕು ಜನ. ಚೌಕ ಚೌಕ ಮಾಡಿ ಮೂರು ಅಂತಸ್ತು ಏರಿಸಿದರು. ನೋಡೋಕೆ ಥೇಟ್ ನಮ್ಮ ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜು. ಪುಸ್ತಕ ಇಡೋಕೆ ಮುಂಚೆಯೇ ಪಕ್ಕಕ್ಕೆ ವಾಲಿ ಮಲಗಿತು.

ನನ್ನ ಬಾಯಿ ಸುಮ್ಮನಿರುತ್ತಾ? "ಮೂಲೆಯಿಂದ ಮೂಲೆಗೆ ಒಂದೊಂದು ಕಡ್ಡಿ..." ಅಂತ ಶುರು ಮಾಡಿದೆ. ಮೇಡಂ ನನ್ನ ಕಡೆ ನೋಡಿ ತುಟಿ ಮೇಲೆ ಬೆರಳಿಟ್ಟರು. ನಿಜ ಹೇಳುತ್ತೇನೆ, ಸಿಟ್ಟು ಬಂತು. ಮಗು ಅಳೋ ಹಾಗಿದೆ, ಒಂದು ಮಾತು ಹೇಳಿದರೆ ಇವರ ಗಂಟೇನು ಹೋಗುತ್ತೆ? (ಇಲ್ಲಿ ಮಕ್ಕಳು ಮೇಡಂನ ಹೆಸರು ಹಿಡಿದೇ ಕರೆಯುತ್ತಾರೆ. ಅದು ನನಗೆ ಇವತ್ತಿಗೂ ಒಗ್ಗಿಲ್ಲ.)

ಸ್ವಲ್ಪ ಹೊತ್ತಾದ ಮೇಲೆ ಪುಟ್ಟಿ ಮುರಿದ ಮನೆಯ ಒಂದು ಚೌಕ ಎತ್ತಿಕೊಂಡು ಒತ್ತಿದಳು. ಚಪ್ಪಟೆಯಾಯಿತು. ಪಕ್ಕದ ಹುಡುಗ ಸುಮ್ನೆ ಆಟಕ್ಕೆ ಮಾಡಿಟ್ಟಿದ್ದ ತ್ರಿಕೋನ ಒತ್ತಿದಳು. ಜಗ್ಗಲಿಲ್ಲ. ಇನ್ನೊಂದು ಸಲ ಒತ್ತಿದಳು. ಆಮೇಲೆ ನಾನು ಹೇಳಬೇಕೆಂದಿದ್ದ ಉಪಾಯವನ್ನೇ ಮಾಡೋಕೆ ಹೋದಳು. ಕಡ್ಡಿ ಮೂಲೆಯಿಂದ ಮೂಲೆಗೆ ಮುಟ್ಟಲೇ ಇಲ್ಲ! ಗಿಡ್ಡ. ಕರ್ಣ ಜಾಸ್ತಿ ಉದ್ದ ಅನ್ನೋದು ಎಂಜಿನಿಯರಿಂಗ್ ಓದಿದ ನನಗೇ ಹೊಳೆದಿರಲಿಲ್ಲ ನೋಡಿ. ನಾಲ್ಕೂ ಜನ ಎಲ್ಲ ಕಿತ್ತು, ಬರೀ ತ್ರಿಕೋನಗಳಲ್ಲೇ ಹೊಸದಾಗಿ ಕಟ್ಟಿದರು. ನೀವು ಸಾರುವೆ ಕಟ್ಟುವಾಗ ಗಳಗಳಿಗೆ ಓರೆಯಾಗಿ ಇನ್ನೊಂದು ಗಳ ಬಿಗಿಯುತ್ತಿದ್ದಿರಲ್ಲ, ಅದು ನೆನಪಾಯಿತು. ಮರುದಿನದ ಹೊತ್ತಿಗೆ ಬಟಾಣಿ ಒಣಗಿ ಕಲ್ಲಾಗಿತ್ತು. ನಿಮ್ಮ ಗಾರೆಗೆ ದಿನಾ ನೀರು ಹೊಡೆಯಬೇಕು, ಇದಕ್ಕೆ ನೀರು ಬಿದ್ದರೆ ಕೆಟ್ಟಿತು. ಎರಡು ಡಿಕ್ಷನರಿ ಇಟ್ಟರೂ ಮನೆ ಅಲ್ಲಾಡಲಿಲ್ಲ.

ಅಮ್ಮ, ತಿನ್ನೋ ವಸ್ತು ಹಾಳು ಮಾಡಿದರು ಅಂತ ಬೈಯಬೇಡ. ಇಲ್ಲಿ ಗುರುವಾರ ಅಂದರೆ ಬಟಾಣಿ ಸೂಪಿನ ದಿನ, ಸ್ಕೂಲಲ್ಲೂ ಅದೇ. ಆವತ್ತು ಪುಟ್ಟಿ ಎರಡು ಸಲ ಹಾಕಿಸಿಕೊಂಡಳಂತೆ.

ಇದೆಲ್ಲ ಇವರು ಮೊನ್ನೆ ಮೊನ್ನೆ ಕಂಡುಹಿಡಿದದ್ದಲ್ಲ. ಉನೊ ಸಿಗ್ನೇಯಸ್ ಅಂತ ಒಬ್ಬರು ಇಲ್ಲಿನ ಸ್ಕೂಲುಗಳಿಗೆ ತಳಪಾಯ ಹಾಕಿದವರು. 1866ರಲ್ಲೇ ಕೈಕೆಲಸವನ್ನು ಕಡ್ಡಾಯ ಪಾಠ ಮಾಡಿಸಿದರು. ಈಗ ಹುಡುಗ ಹುಡುಗಿ ಅಂತ ಭೇದ ಇಲ್ಲ, ಎಲ್ಲರೂ ಗರಗಸವನ್ನೂ ಹಿಡಿಯಬೇಕು, ಸೂಜಿಯನ್ನೂ ಹಿಡಿಯಬೇಕು. ಇನ್ನೂ ಬೇಕು ಅನ್ನುವವರಿಗೆ ಸಂಗೀತ, ಡ್ಯಾನ್ಸ್ ಕ್ಲಾಸಿನ ಹಾಗೆ ಮನೆ ಕಟ್ಟುವ ವಿದ್ಯೆಗೂ ಸ್ಕೂಲು ಬಿಟ್ಟ ಮೇಲೆ ಕ್ಲಾಸಿದೆ. ಆರ್ಕಿ ಅಂತ ಒಂದು ಇದೇ ಊರಲ್ಲಿ 1993ರಲ್ಲಿ ಶುರುವಾದದ್ದು. ಅದಕ್ಕೆ ಫೀಸು ಕಟ್ಟಬೇಕು, ಈ ವರ್ಷಕ್ಕೆ ಬೇಡ ಅಂತ ಬಿಟ್ಟೆವು.

ಎರಡನೇ ದಿನ ಊಡಿ ಲೈಬ್ರರಿಗೆ ಕರೆದುಕೊಂಡು ಹೋದರು. 2018ರಲ್ಲಿ ತೆರೆದದ್ದು. ಒಳಗೆ ಹೋದ ಕೂಡಲೇ ಮೇಡಂ ಕೇಳಿದ್ದು ಒಂದೇ: ಕಂಬ ಎಲ್ಲಿ? ಮಕ್ಕಳು ಹುಡುಕಿದ್ದೇ ಹುಡುಕಿದ್ದು. ನೂರು ಮೀಟರಿಗೂ ಜಾಸ್ತಿ ಉದ್ದದ ಎರಡು ಉಕ್ಕಿನ ಕಮಾನು ಇಡೀ ಕಟ್ಟಡವನ್ನು ಸೇತುವೆಯ ಹಾಗೆ ಹೊತ್ತಿವೆ. ನೀವು ನೋಡಿದರೆ ಮೊದಲು "ಎಷ್ಟು ಖರ್ಚಾಯ್ತಂತೆ?" ಅಂತ ಕೇಳುತ್ತಿದ್ದಿರಿ, ಗೊತ್ತು.

ಆದರೆ ನಾನು ಬರೆಯೋಕೆ ಕೂತದ್ದು ಮೂರನೇ ದಿನದ ವಿಷಯಕ್ಕೆ. ಆಟದ ಹಾಲ್‌ನಲ್ಲಿ ಒಂದು ಹಗ್ಗ ಕೊಟ್ಟರು. ಸಮ ಅಂತರಕ್ಕೆ ಗಂಟು ಹಾಕಿ ಹನ್ನೆರಡು ಭಾಗ ಮಾಡಿದ ಹಗ್ಗ. ಮೂರು ಮಕ್ಕಳು ಹಿಡಿದು ಎಳೆದರು. ಒಂದು ಕಡೆ ಮೂರು ಭಾಗ, ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಐದು. ಮೂಲೆ ತಾನಾಗಿ ನೇರವಾಗಿ ಕೂತಿತು. ನನಗೆ ಅಲ್ಲೇ ಕುಸಿದು ಕೂರುವ ಹಾಗಾಯಿತು. ಹಿರಿಯೂರಲ್ಲಿ ನೀವು ಆ ಟೀಚರ್ ಮನೆಗೆ ಪಾಯ ಗುರುತು ಮಾಡುತ್ತಿದ್ದಾಗ ನಾನು ಬುತ್ತಿ ತಂದಿದ್ದೆ, ನೆನಪಿದೆಯಾ? ಗೂಟಕ್ಕೆ ದಾರ ಕಟ್ಟಿ "ಮೂರು, ನಾಕು, ಐದು" ಅಂತ ಅಳೆಯುತ್ತಿದ್ದಿರಿ. ನಾನು ಕರಣೆ ಮುಟ್ಟಿದ್ದಕ್ಕೆ "ಕೈಗೆ ಸಿಮೆಂಟ್ ತಾಗಿಸ್ಕೋಬೇಡ, ಹೋಗಿ ಓದ್ಕೋ" ಅಂತ ಗದರಿದಿರಿ. ಯಾಕೆ ಗದರಿದಿರಿ ಅಂತ ನಿಮ್ಮ ಅಂಗೈ ನೋಡಿದವರಿಗೆ ಯಾರೂ ಹೇಳಬೇಕಿಲ್ಲ. ಮನೆಗೆ ಬಂದು ನಾನು ಓದಿದ್ದು ಪೈಥಾಗೊರಸ್ ಪ್ರಮೇಯ. ಉರು ಹೊಡೆದೆ, ಪೂರ್ತಿ ಮಾರ್ಕ್ಸೂ ಬಂತು. ಅದೂ ನಿಮ್ಮ ದಾರವೂ ಒಂದೇ ಅಂತ ಪುಸ್ತಕದಲ್ಲಿ ಇರಲಿಲ್ಲ. ನೀವೂ ಹೇಳಲಿಲ್ಲ.

ಪುಟ್ಟಿ ಮಾತ್ರ ಸುಮ್ಮನಿರಲಿಲ್ಲ. "ನಮ್ಮಜ್ಜ ಇದನ್ನೇ ಮಾಡೋದು" ಅಂತ ಕ್ಲಾಸಿಗೆಲ್ಲ ಹೇಳಿದಳು. ಇಲ್ಲಿ ಚಳಿಗೆ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಮನೆಯನ್ನೇ ಮೇಲಕ್ಕೆತ್ತುತ್ತೆ, ಅದಕ್ಕೆ ಪಾಯ ಆಳ ತೆಗೆಯುತ್ತಾರೆ ಅಂತ ಮೇಡಂ ಹೇಳುತ್ತಿದ್ದರು. ಇವಳು ನಮ್ಮ ಎರೆಮಣ್ಣಿನ ಕಥೆ ತೆಗೆದಳು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಾಯಿ ಬಿಡುತ್ತೆ, ಗಟ್ಟಿ ನೆಲ ಸಿಗೋವರೆಗೂ ಅಜ್ಜ ಅಗೆಸ್ತಾನೆ ಅಂತ. ಗೋಡೆ ನೆಟ್ಟಗಿದೆಯಾ ಅಂತ ದಾರಕ್ಕೆ ಗುಂಡು ಕಟ್ಟಿ ನೋಡ್ತಾನೆ ಅಂದದ್ದಕ್ಕೆ ಎಲ್ಲರಿಗೂ ಅದನ್ನು ನೋಡಬೇಕಂತೆ. ಅವರು ಕಂಡಿರೋದು ಬರೀ ಲೇಸರ್ ಲೆವೆಲ್.

ಹಾಗಾಗಿ ಅಪ್ಪ, ಆ ಹಳೇ ತೂಗುಗುಂಡು ಬೇಕು. ಹೊಸದು ತರಬೇಡಿ, ಆ ಸುತ್ತಿಗೆ ಏಟು ಬಿದ್ದಿರೋದೇ ಇರಲಿ. ಮಾರ್ಚ್‌ನಲ್ಲಿ ನಮ್ಮನೆಯವರ ಸ್ನೇಹಿತರು ಬೆಂಗಳೂರಿಂದ ಬರುತ್ತಿದ್ದಾರೆ, ತಮ್ಮನ ಕೈಲಿ ಕೊಟ್ಟು ಕಳಿಸಿ. ದೊಡ್ಡ ಬ್ಯಾಗಲ್ಲೇ ಹಾಕೋಕೆ ಹೇಳಿ, ಕೈಚೀಲದಲ್ಲಿದ್ದರೆ ಏರ್‌ಪೋರ್ಟಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ದಾರ ಬಿಚ್ಚಬೇಡಿ, ನೀವು ಹಾಕಿದ ಗಂಟು ನನಗೆ ಬರೋದಿಲ್ಲ.

ನಿಮ್ಮ ಮಗಳು