ಒಂದು ಸೀಸನ್ ಬರೆಯಲು ಕೂತ ತಂಗಿಗೆ

ಪ್ರೀತಿಯ ತಂಗಿ,

ನೀನು ಕಳಿಸಿದ ಬರಹವನ್ನು ಎರಡು ಸಲ ಓದಿದೆ. ಲೂಯಿಸಿಯಾನಕ್ಕೆ ಓದಲು ಹೋದವಳು ಅಲ್ಲಿಯ ಕಾಲೇಜುಗಳ ಅಮೆರಿಕನ್ ಫುಟ್‌ಬಾಲಿನ ಹುಚ್ಚು ಹಚ್ಚಿಸಿಕೊಂಡು, ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿ) ತಂಡದ 2019ರ ಸೀಸನ್ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟಿದ್ದೀಯ. ನನಗೆ ತುಂಬಾ ಖುಷಿಯಾಯಿತು. ಆ ಸೀಸನ್ ನನಗೂ ಬಹಳ ಇಷ್ಟ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಮೊದಲ ಸಾಲೇ ‘ಆಡಿದ 15 ಪಂದ್ಯಗಳನ್ನೂ ಗೆದ್ದ ತಂಡ ಇದು’ ಎನ್ನುತ್ತದೆ. ಅಲ್ಲಿಗೆ ಓದುವವರ ಎದೆಬಡಿತ ನಿಂತುಹೋಯಿತಲ್ಲ! ಗೆಲ್ಲುತ್ತಾರೆ ಅಂತ ನಿನಗೆ ಗೊತ್ತು. ಆಗಸ್ಟ್ ತಿಂಗಳಲ್ಲಿ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಒಂದೊಂದು ವಾರವನ್ನೂ ಆ ವಾರದವರಿಗೆ ಎಷ್ಟು ಗೊತ್ತಿತ್ತೋ ಅಷ್ಟನ್ನೇ ಇಟ್ಟುಕೊಂಡು ಬರಿ. ಈ ಪತ್ರದಲ್ಲಿ ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಇದೇ.

ಅವರಿಗೆ ಏನು ಗೊತ್ತಿತ್ತು? ಕೋಚ್ ಎಡ್ ಒರ್ಜೆರಾನ್ ಅದೇ ರಾಜ್ಯದ ಲರೋಸ್ ಊರಿನವರು. ಹಿಂದೆ ಮಿಸಿಸಿಪಿ ವಿಶ್ವವಿದ್ಯಾಲಯದ ತಂಡಕ್ಕೆ ಮೂರು ವರ್ಷ ಮುಖ್ಯ ಕೋಚ್ ಆಗಿದ್ದಾಗ 10 ಗೆದ್ದು 25 ಸೋತಿದ್ದರು. ಕ್ವಾರ್ಟರ್‌ಬ್ಯಾಕ್ ಜೋ ಬರೋ, ಅಂದರೆ ಚೆಂಡೆಸೆದು ಆಟ ನಡೆಸುವವನು, ಒಹಾಯೊದ ಹುಡುಗ. ಅಲ್ಲಿಯ ದೊಡ್ಡ ತಂಡದಲ್ಲಿ ಆಡುವ ಅವಕಾಶ ಸಿಗದೆ 2018ರಲ್ಲಿ ಎಲ್‌ಎಸ್‌ಯುಗೆ ಬಂದವನು. ಬಂದ ವರ್ಷ ಅವನು ಎಸೆದದ್ದು 16 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಅದು ಟಚ್‌ಡೌನ್, ಆರು ಪಾಯಿಂಟ್). ಪರವಾಗಿಲ್ಲ ಅನ್ನಬಹುದು, ಅಷ್ಟೇ. ಅದೇ ವರ್ಷ ಅಲಬಾಮಾ ತಂಡ ಇವರ ಮನೆಯಂಗಳಕ್ಕೇ ಬಂದು 29-0 ಅಂತರದಲ್ಲಿ ಸೋಲಿಸಿ ಹೋಗಿತ್ತು. ಅದು ಅಲಬಾಮಾ ಎದುರು ಸಾಲಾಗಿ ಎಂಟನೇ ಸೋಲು. ಆಮೇಲೆ ಟೆಕ್ಸಸ್ ಎ ಅಂಡ್ ಎಂ ಜೊತೆ ಏಳು ಓವರ್‌ಟೈಮ್ ಎಳೆದಾಡಿ, 74-72ರಲ್ಲಿ ಅದನ್ನೂ ಕಳೆದುಕೊಂಡರು. ನಿನ್ನ ಬರಹ ಈ ಜನರಿಂದ, ಈ ಸೋಲುಗಳಿಂದ ಶುರುವಾಗಲಿ.

ಎಲ್ಲ ಪಂದ್ಯಕ್ಕೂ ಒಂದೇ ಅಳತೆಯ ಜಾಗ ಕೊಟ್ಟಿದ್ದೀಯ. ಬೇಡ. ಮೊದಲ ಪಂದ್ಯ 55-3. ಅಲ್ಲಿ ಏನಿದೆ ಹೇಳು? ಎರಡು ಸಾಲು ಸಾಕು. ಸೆಪ್ಟೆಂಬರ್ 7ರ ರಾತ್ರಿ ಆಸ್ಟಿನ್‌ನಲ್ಲಿ ಟೆಕ್ಸಸ್ ಎದುರು ಆಡಿದ್ದಕ್ಕೆ ಮಾತ್ರ ಎಷ್ಟು ಪುಟ ಕೊಟ್ಟರೂ ಕಡಿಮೆಯೇ.

ನಿಯಮಗಳನ್ನು ಹೇಳಲೂ ಆ ಆಸ್ಟಿನ್ ಪಂದ್ಯವೇ ಸರಿಯಾದ ಜಾಗ. ನೀನು ಆರಂಭದಲ್ಲೇ ಮೂರು ಪುಟ ತುಂಬಾ ಆಟದ ನಿಯಮ ಹೇಳಿದ್ದೀಯ. ನಮ್ಮ ಓದುಗರು ಕ್ರಿಕೆಟ್ ನೋಡಿ ಬೆಳೆದವರು, ಅಷ್ಟನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಬೇಕಾದಾಗ, ಬೇಕಾದಷ್ಟೇ ಬಡಿಸು. ಹತ್ತು ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಮೂರರಲ್ಲಿ ಆಗದಿದ್ದರೆ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ. ಇಷ್ಟು ಹೇಳಿ ನೇರ ಆ ಗಳಿಗೆಗೆ ಹೋಗು.

ಆಟ ಮುಗಿಯಲು ಎರಡೂವರೆ ನಿಮಿಷ ಚಿಲ್ಲರೆ ಇದೆ. ಎಲ್‌ಎಸ್‌ಯು 37, ಟೆಕ್ಸಸ್ 31. ಆರೇ ಪಾಯಿಂಟಿನ ಅಂತರ. ಚೆಂಡು ಟೆಕ್ಸಸ್ ಕೈಗೆ ಹೋಗಿ ಒಂದು ಟಚ್‌ಡೌನ್ ಬಿದ್ದರೆ, ಅದರ ಮೇಲಿನ ಒದೆತಕ್ಕೆ ಸಿಗುವ ಒಂದು ಪಾಯಿಂಟ್ ಸೇರಿ ಎಲ್ಲ ಕೈತಪ್ಪುತ್ತದೆ. ಎಲ್‌ಎಸ್‌ಯುಗೆ ಇದು ಮೂರನೇ ಅವಕಾಶ, ಇನ್ನೂ 17 ಯಾರ್ಡ್ ಬೇಕು. ಚೆಂಡು ಹಿಡಿದು ಓಡಿ ಗಡಿಯಾರ ಸವೆಸಿ, ಆಮೇಲೆ ಒದ್ದುಬಿಡುವುದು ಜಾಣತನ ಅನ್ನುವವರೇ ಜಾಸ್ತಿ. ಇವರು ಎಸೆಯಲು ನಿಂತರು. ಟೆಕ್ಸಸ್ ಕಡೆಯವರು ಗುಂಪಾಗಿ ನುಗ್ಗಿದರು. ಬರೋ ಪಕ್ಕಕ್ಕೆ ಸರಿದ, ಎಸೆದ. ಜಸ್ಟಿನ್ ಜೆಫರ್ಸನ್ ಹಿಡಿದು ಓಡಿದ. 61 ಯಾರ್ಡ್, ಟಚ್‌ಡೌನ್. ಕೊನೆಗೆ ಗೆದ್ದದ್ದು 45-38ರಲ್ಲಿ. ಓಟವನ್ನೇ ನೆಚ್ಚಿಕೊಂಡಿದ್ದ ಹಳೆಯ ಎಲ್‌ಎಸ್‌ಯು ಬದಲಾಗಿದೆ ಅಂತ ದೇಶಕ್ಕೆಲ್ಲ ಗೊತ್ತಾಗಿದ್ದು ಅವತ್ತು. ಆ ವರ್ಷವೇ ನ್ಯೂ ಆರ್ಲಿಯನ್ಸ್‌ನ ವೃತ್ತಿಪರ ತಂಡದಿಂದ ಬಂದ ಜೋ ಬ್ರೇಡಿ ಎಂಬ ಎಳೆಯ ಕೋಚ್ ಆಟದ ರೀತಿಯನ್ನೇ ಬದಲಿಸಿದ್ದರು. ಅವರ ವಿಷಯವನ್ನು ಇಲ್ಲೇ ತಂದರೆ ಓದುಗರಿಗೆ ಸುಲಭವಾಗಿ ತಿಳಿಯುತ್ತದೆ.

ನವೆಂಬರ್ 9ರ ಅಲಬಾಮಾ ಪಂದ್ಯಕ್ಕೆ ನೀನು ಬರೀ ಸ್ಕೋರ್ ಬರೆದಿದ್ದೀಯ, 46-41 ಅಂತ. ಅರ್ಧ ಆಟಕ್ಕೆ 33-13 ಮುಂದಿದ್ದವರು ಕೊನೆಯಲ್ಲಿ ಐದೇ ಪಾಯಿಂಟಿಗೆ ಇಳಿದದ್ದು ಹೇಗೆ? ಎಂಟು ಸೋಲು ಕಂಡ ಜನ ಆ ಎರಡನೇ ಅರ್ಧವನ್ನು ಹೇಗೆ ನೋಡಿರಬೇಕು? ಎಲ್‌ಎಸ್‌ಯು ಇರುವ ಬೇಟನ್ ರೂಜ್‌ನಲ್ಲೇ ಇದ್ದೀಯಲ್ಲ, ಅವತ್ತು ನೋಡಿದವರನ್ನು ಹುಡುಕಿ ಮಾತಾಡಿಸು. ಅಂಗಡಿಯವರು, ಬಸ್ ಓಡಿಸುವವರು, ನಿನ್ನ ಮನೆ ಮಾಲೀಕರು, ಯಾರಾದರೂ ಆಗಬಹುದು.

ಇನ್ನೊಂದು ಭಾಗ ಬಹಳ ಹುಷಾರಾಗಿ ಬರೆಯಬೇಕು. ಡಿಸೆಂಬರ್ 28, ಅಟ್ಲಾಂಟಾದಲ್ಲಿ ಒಕ್ಲಹೋಮಾ ಎದುರು ಸೆಮಿಫೈನಲ್. ಅವತ್ತು ಬೆಳಿಗ್ಗೆ ಲೂಯಿಸಿಯಾನದ ಲಫಯೆಟ್‌ನಲ್ಲಿ ಒಂದು ಸಣ್ಣ ವಿಮಾನ ಬಿತ್ತು. ಎಲ್‌ಎಸ್‌ಯು ಆಕ್ರಮಣ ವಿಭಾಗದ ಕೋಚ್ ಸ್ಟೀವ್ ಎನ್ಸ್‌ಮಿಂಗರ್ ಅವರ ಸೊಸೆ ಆಟ ನೋಡಲು ಅದರಲ್ಲಿ ಹೊರಟಿದ್ದರು, ತೀರಿಕೊಂಡರು. ಸುದ್ದಿ ತಿಳಿದ ಮೇಲೂ ಎನ್ಸ್‌ಮಿಂಗರ್ ಮೈದಾನದ ಮೇಲಿನ ಕೋಚ್‌ಗಳ ಬೂತ್‌ನಲ್ಲಿ ಕೂತು ಕೆಲಸ ಮಾಡಿದರು. ಬರೋ ಮೊದಲರ್ಧದಲ್ಲೇ ಏಳು ಟಚ್‌ಡೌನ್ ಎಸೆದ. ಗೆದ್ದದ್ದು 63-28ರಲ್ಲಿ. ನೀನು ಇಲ್ಲಿ ‘ದುಃಖದ ಕಡಲು’, ‘ಉಕ್ಕಿನ ಎದೆ’ ಅಂತೆಲ್ಲ ಬರೆದಿದ್ದೀಯ. ದಯವಿಟ್ಟು ತೆಗೆ. ಒಂದು ಮನೆಯ ಸಾವು ಅದು. ಆದದ್ದನ್ನು ಆದ ಹಾಗೆ ನಾಲ್ಕು ಸಾಲಿನಲ್ಲಿ ಹೇಳಿ ಸುಮ್ಮನಾಗು.

ಕ್ಲೆಮ್ಸನ್ ಎದುರಿನ ಫೈನಲ್ಲನ್ನು, ಅದೇ 42-25, ಚೆನ್ನಾಗಿ ಬರೆದಿದ್ದೀಯ. ಅದನ್ನು ಮುಟ್ಟಬೇಡ. ಬರೋನ 60 ಟಚ್‌ಡೌನ್ ಆಗಿನ ದಾಖಲೆ ಅನ್ನುವುದೂ ಇರಲಿ. ಆದರೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ತೆಗೆದುಕೊಳ್ಳುವಾಗ ಅವನು ಆಡಿದ ಮಾತನ್ನು ಬಿಟ್ಟದ್ದು ಯಾಕೆ? ತನ್ನೂರಿನ ಸುತ್ತ ಬಡತನ ಜಾಸ್ತಿ, ಶಾಲೆಯಿಂದ ಮನೆಗೆ ಹೋದರೆ ಊಟವಿಲ್ಲದ ಮಕ್ಕಳಿದ್ದಾರೆ ಅಂದ, ಅಳುತ್ತಲೇ. ಅದನ್ನು ಕೇಳಿದ ಜನ ಅಲ್ಲಿಯ ಆಹಾರ ಹಂಚುವ ಸಂಸ್ಥೆಗೆ 5 ಲಕ್ಷ ಡಾಲರ್‌ಗೂ ಮೇಲೆ ಕಳಿಸಿದರು. ಎಲ್ಲಿಂದಲೋ ಬಂದ ಈ ಹುಡುಗನ ಮೇಲೆ ಜನಕ್ಕೆ ಅಷ್ಟು ಪ್ರೀತಿ ಯಾಕೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಮುಂದಿನ ವರ್ಷದ ಕತೆ ಬೇಕಾ ಅಂತ ಕೇಳಿದ್ದೀಯ. ಬೇಕು. 2020ರ ಏಪ್ರಿಲ್‌ನಲ್ಲಿ ಆ ತಂಡದ 14 ಹುಡುಗರನ್ನು ವೃತ್ತಿಪರ ತಂಡಗಳು ಆರಿಸಿಕೊಂಡವು, ಬರೋ ಎಲ್ಲರಿಗಿಂತ ಮೊದಲು. ಕೋಚ್ ಬ್ರೇಡಿಯೂ ಹೊರಟರು. ಆ ವರ್ಷ ಐದು ಗೆದ್ದು ಐದು ಸೋತರು. ಕಾಲೇಜು ತಂಡ ಅಂದರೆ ಹೀಗೇ ಅಲ್ವಾ, ಒಂದೇ ಚಳಿಗಾಲದಲ್ಲಿ ಖಾಲಿಯಾಗುತ್ತದೆ. ಅದಕ್ಕೇ ಅಲ್ಲಿಯ ಜನ ಇಸವಿ ಹಿಡಿದು ನೆನಪಿಟ್ಟುಕೊಳ್ಳುತ್ತಾರೆ.

ಮೊದಲು ಆಸ್ಟಿನ್ ಭಾಗವನ್ನು ಹೊಸದಾಗಿ ಬರೆದು ಕಳಿಸು. ಆ ಆಟದ ಪೂರ್ತಿ ವಿಡಿಯೊ ಇನ್ನೊಮ್ಮೆ ನೋಡು, ಈ ಸಲ ಚೆಂಡನ್ನು ಬಿಟ್ಟು ಬರೋನ ಕಾಲುಗಳನ್ನು ಗಮನಿಸು. ಅಲಬಾಮಾ ಬಗ್ಗೆ ಯಾರನ್ನಾದರೂ ಮಾತಾಡಿಸಿದರೆ ಅವರ ಮಾತನ್ನು ಹಾಗೆಯೇ ಬರೆದುಕೊಂಡು ಅದನ್ನೂ ಜೊತೆಗೆ ಹಾಕು.

ನಿನ್ನ ಅಕ್ಕ