ಸೀಟು ತಪ್ಪಿದ ಸಿಟ್ಟಿನಲ್ಲಿರುವ ಪುಟ್ಟುವಿಗೆ

ಚಿರಂಜೀವಿ ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದೆ, ಸರಕಾರಿ ಮೆಡಿಕಲ್ ಸೀಟು ಕೂದಲೆಳೆಯಲ್ಲಿ ತಪ್ಪಿತು. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೀಸಲಾತಿಯಲ್ಲಿ ಸೀಟು ಪಡೆದವರ ಬಗ್ಗೆ "ನಮ್ಮ ಸೀಟನ್ನು ಅವರು ಕಿತ್ತುಕೊಂಡರು" ಎಂದು ನೀನು ಬರೆದದ್ದನ್ನೂ, ಹಿರಿಯರೆಲ್ಲ ಅದಕ್ಕೆ ತಲೆದೂಗಿದ್ದನ್ನೂ ನೋಡಿ ಸುಮ್ಮನಿರಲು ಆಗಲಿಲ್ಲ.

ಲೆಕ್ಕ ನೋಡು. 2024ರಲ್ಲಿ ನೀಟ್ ಬರೆದವರು ಸುಮಾರು 23 ಲಕ್ಷ ಮಕ್ಕಳು. ಆಗ ಇದ್ದ ಎಂಬಿಬಿಎಸ್ ಸೀಟುಗಳು 1 ಲಕ್ಷಕ್ಕೆ ತುಸು ಹೆಚ್ಚು, ಸರಕಾರಿ ಕಾಲೇಜಿನವು ಅದರಲ್ಲಿ ಸುಮಾರು ಅರ್ಧ. ಮೀಸಲಾತಿಯನ್ನು ಇಂದೇ ತೆಗೆದುಹಾಕಿದರೂ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಬರಿಗೈಯಲ್ಲೇ ಉಳಿಯುತ್ತಾರೆ. ಇಂಥ ಪೈಪೋಟಿಯಲ್ಲಿ ಪಕ್ಕದ ಬೆಂಚಿನವನೇ ಶತ್ರುವಾಗಿ ಕಾಣುತ್ತಾನೆ. ಖಾಸಗಿ ಕಾಲೇಜುಗಳಲ್ಲಿ ಶೇ 15ರವರೆಗೆ ಎನ್‌ಆರ್‌ಐ ಕೋಟಾ ಇದೆ. ನಿನಗಿಂತ ಎಷ್ಟೋ ಹಿಂದಿನ ರ‍್ಯಾಂಕಿನವರು ಹಣ ಸುರಿದು ಅಲ್ಲಿ ಸೇರುತ್ತಾರೆ. ಅವರ ವಿರುದ್ಧ ನಮ್ಮ ಮನೆಯಲ್ಲಿ ಯಾರೂ ಚಕಾರ ಎತ್ತಿದ್ದನ್ನು ನಾನು ಕೇಳಿಲ್ಲ.

ಪ್ರತಿಭೆಗೆ ಅನ್ಯಾಯವಾಯಿತು ಎಂಬ ಕೂಗೂ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೂ ಪಾಲು ಸಿಗುವ ದಾರಿ ಹೇಳಲು ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ, ಆಡಳಿತದ ದಕ್ಷತೆ ಕೆಡುತ್ತದೆ ಎಂದೇ ಆಕ್ಷೇಪ ಬಂತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಈ ಭಿನ್ನಾಭಿಪ್ರಾಯದಿಂದ ಹುದ್ದೆಯನ್ನೇ ಬಿಟ್ಟರು. ಅವರ ಅಣೆಕಟ್ಟಿಗೆ ಕೈಮುಗಿಯುವ ನಾನು ಈ ವಿಷಯದಲ್ಲಿ ಮಹಾರಾಜರ ಕಡೆಗೇ ನಿಲ್ಲುತ್ತೇನೆ. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕೆಂದು ಸಮಿತಿ ಹೇಳಿತು. ಮೈಸೂರು ಮುಳುಗಲಿಲ್ಲ, ಮಾದರಿ ಸಂಸ್ಥಾನವೆಂಬ ಹೆಸರೂ ಹೋಗಲಿಲ್ಲ. 1990ರಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡುವ ಮಂಡಲ್ ವರದಿಯನ್ನು ಜಾರಿಗೆ ತರಲು ಹೊರಟ ಹೊತ್ತಿಗೆ ಅದೇ ಮಾತು ಬೀದಿಗಿಳಿಯಿತು; ನಿನ್ನ ವಯಸ್ಸಿನ ಹುಡುಗರು ಮೈಗೆ ಬೆಂಕಿ ಹಚ್ಚಿಕೊಂಡರು. ಅವರನ್ನು ಕೆರಳಿಸಿ ದೂರ ನಿಂತ ಹಿರಿಯರ ಮೇಲೆ ನನಗೆ ಇಂದಿಗೂ ಕೋಪವಿದೆ.

ಪರಿಶಿಷ್ಟ ಜಾತಿಯ ಕೋಟಾದಲ್ಲಿ ಈಗ ಸೀಟು ಪಡೆದಿರುವ ನಿನ್ನ ಸಹಪಾಠಿ ಹೋದ ವರ್ಷ ನೋಟ್ಸ್ ಕೇಳಲು ಬಂದಿದ್ದ. ನೀನು ಒಳಗೆ ಹುಡುಕುತ್ತಿದ್ದೆ. ಅವನು ನೀರು ಕುಡಿದಿಟ್ಟ ಸ್ಟೀಲ್ ಲೋಟವನ್ನು ಅಡುಗೆಮನೆಗೆ ಒಯ್ಯಲು ಬಿಡದೆ, ನಿನ್ನ ಅಜ್ಜಿ ಹಿತ್ತಲಿನ ಕಲ್ಲಿನ ಮೇಲೆ ಬೋರಲು ಹಾಕಿಸಿದರು. ಹುಡುಗ ಅದನ್ನು ನೋಡಿದ. ನೋಡದವನಂತೆ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತ ನಿಂತ. ನಿನಗೆ ಲಾಂಗ್ ಟರ್ಮ್ ಕೋಚಿಂಗ್ ಇತ್ತು, ಓದಲು ಬೇರೆ ಕೋಣೆ ಇತ್ತು, ರಾತ್ರಿ ಹಾಲು ತಂದಿಡುವ ಅಮ್ಮ ಇದ್ದಳು. ಇಂಥ ಅವಮಾನಗಳನ್ನು ನುಂಗಿಕೊಂಡು ಸರಕಾರಿ ವಿದ್ಯಾರ್ಥಿನಿಲಯದಲ್ಲಿ ಓದಿದವನ ಅಂಕವನ್ನೂ ನಿನ್ನ ಅಂಕವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಪರೀಕ್ಷೆಯ ಅಂಕವೊಂದೇ ಯೋಗ್ಯತೆಯ ಅಳತೆಯಲ್ಲವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ವೈದ್ಯಕೀಯ ಸೀಟುಗಳ ಮೊಕದ್ದಮೆಯಲ್ಲೇ.

ಸರಕಾರಿ ಕಾಲೇಜುಗಳು ಹೆಚ್ಚಬೇಕು, ಶುಲ್ಕ ಇಳಿಯಬೇಕು ಎಂದು ಕೇಳುವುದಾದರೆ ನಿನ್ನ ಜೊತೆ ನಾನೂ ಬೀದಿಗೆ ಬರುತ್ತೇನೆ. ಇನ್ನೊಂದು ವರ್ಷ ಓದುವ ಮನಸ್ಸಿದ್ದರೆ ತಿಳಿಸು, ಖರ್ಚಿನ ಮಾತನ್ನು ನಿನ್ನ ಅಪ್ಪನ ಬಳಿ ನಾನು ಆಡುತ್ತೇನೆ. ಗುಂಪಿನಲ್ಲಿ ಹಾಕಿದ ಆ ಸಾಲನ್ನು ಮಾತ್ರ ಇಂದೇ ಅಳಿಸು. ಆ ಹುಡುಗ ಮುಂದಿನ ವಾರ ಕಾಲೇಜಿಗೆ ಹೊರಡುತ್ತಾನಂತೆ; ಅಷ್ಟರೊಳಗೆ ಅವನನ್ನು ಊಟಕ್ಕೆ ಕರೆ. ಅಜ್ಜಿಯ ಹತ್ತಿರ ನಾನು ಮಾತಾಡಿದ್ದೇನೆ.

ಇಂತಿ ನಿನ್ನ
ದೊಡ್ಡಪ್ಪ