ಕೋಚ್ ಹೋದರೆಂದರೆ ‘ಗೇಟ್‌ಪಾಸ್’ ಎಂದೇ ಬರೆಯಬೇಕೇ?

ಮಾನ್ಯ ಸಂಪಾದಕರೇ,

ವಿದೇಶಿ ಫುಟ್‌ಬಾಲ್ ಕೋಚ್ ಯಾರೇ ಹುದ್ದೆ ಬಿಡಲಿ, ಕನ್ನಡ ಕ್ರೀಡಾಪುಟಗಳ ತಲೆಬರಹ ಬಹುಪಾಲು ಒಂದೇ: ‘ಕೋಚ್‌ಗೆ ಗೇಟ್‌ಪಾಸ್’. ಹೊರದೇಶದಲ್ಲಿ ದುಡಿಯುವ ಕೋಚ್ ಮಟ್ಟಿಗೆ ಸೋತದ್ದಕ್ಕಿಂತ ಹೇಗೆ ಹೊರಬಿದ್ದರು ಎಂಬುದು ಮುಖ್ಯ. ಕೈಗೆ ಬರುವ ಹಣ ಅದರ ಮೇಲೇ ನಿಂತಿರುತ್ತದೆ.

ಭಾರತ ತಂಡದ ಮೂವರನ್ನೇ ನೋಡಿ. ಸ್ಟೀಫನ್ ಕಾನ್‌ಸ್ಟಂಟೈನ್ 2019ರ ಏಷ್ಯನ್ ಕಪ್‌ನಲ್ಲಿ ಬಹ್ರೇನ್ ಎದುರು ಕೊನೆಗಳಿಗೆಯ ಪೆನಾಲ್ಟಿಯಿಂದ ಸೋತ ರಾತ್ರಿಯೇ ತಾವಾಗಿ ರಾಜೀನಾಮೆ ಕೊಟ್ಟರು. ಅವರ ಅವಧಿಯಲ್ಲೇ ಭಾರತ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಶ್ರೇಯಾಂಕ ಪಟ್ಟಿಯಲ್ಲಿ 173ರಿಂದ 96ಕ್ಕೆ ಏರಿತ್ತು. ನೇಪಾಳ, ಮಲಾವಿ, ಸುಡಾನ್, ರುವಾಂಡಾ ತಂಡಗಳಿಗೂ ಕೋಚ್ ಆಗಿದ್ದ ಅವರನ್ನು 2023ರಲ್ಲಿ ಪಾಕಿಸ್ತಾನವೂ ಕರೆಯಿತು. ಇಗೊರ್ ಸ್ಟಿಮಾಚ್ ಒಪ್ಪಂದ 2026ರವರೆಗಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2024ರ ಜೂನ್‌ನಲ್ಲಿ ಅದನ್ನು ಮುರಿಯಿತು, ಕೊನೆಗೆ 4 ಲಕ್ಷ ಡಾಲರ್ ಕೊಡಲು ಒಪ್ಪಿ ಜಗಳ ಮುಗಿಸಿತು. ಇನ್ನು ಮನೋಲೊ ಮಾರ್ಕೆಸ್. ಕಾಳಿ ಸೇತುವೆ ದಾಟಿ ಗೋವಾದ ಫತೋರ್ಡಾ ಕ್ರೀಡಾಂಗಣಕ್ಕೆ ಪಂದ್ಯ ನೋಡಲು ಹೋಗುವ ಕಾರವಾರದವರಿಗೆ ಅವರು ಮೊದಲು ಎಫ್‌ಸಿ ಗೋವಾ ಕ್ಲಬ್‌ನ ಕೋಚ್, ಆಮೇಲೆ ಭಾರತದ ಕೋಚ್. ಎರಡೂ ಹುದ್ದೆ ಒಟ್ಟಿಗೆ ಹೊತ್ತದ್ದು ಸರಿಯಾದ ಏರ್ಪಾಡಲ್ಲ ಎಂಬುದು ನಮ್ಮ ಅಭಿಪ್ರಾಯ, ಇರಲಿ. 2025ರ ಜುಲೈನಲ್ಲಿ ಅವರು ಪರಸ್ಪರ ಒಪ್ಪಿಗೆಯ ಮೇಲೆ ಭಾರತ ತಂಡದ ಹುದ್ದೆ ಬಿಟ್ಟರು. ಈ ಮೂರಕ್ಕೂ ‘ಗೇಟ್‌ಪಾಸ್’ ಎಂಬ ಒಂದೇ ಮಾತು ಹೊಂದುವುದು ಹೇಗೆ?

ಒಪ್ಪಂದ ಯಾವ ತಿಂಗಳವರೆಗಿತ್ತು, ನೋಟಿಸ್ ಕೊಟ್ಟವರು ಯಾರು, ಪರಿಹಾರ ಎಷ್ಟು: ಸುದ್ದಿಯಲ್ಲಿ ಇಷ್ಟಾದರೂ ಇರಲಿ.

ಕೋಚಿಂಗ್‌ಗೆಂದು ಹೊರದೇಶಕ್ಕೆ ಹೊರಡಬೇಕೆನ್ನುವ ನಮ್ಮ ಕರಾವಳಿಯ ಹುಡುಗರಿಗೂ ಇದು ಬೇಕಾದ ವಿಷಯ. ಡಿ, ಸಿ, ಬಿ, ಎ, ಪ್ರೊ ಎಂದು ಕೋಚಿಂಗ್ ಲೈಸೆನ್ಸ್ ಮೆಟ್ಟಿಲು ಹತ್ತುವುದು ಎಲ್ಲರಿಗೂ ಗೊತ್ತು, ಎಡವುವುದು ಕಾಗದಪತ್ರದಲ್ಲಿ. 2021ರ ಜನವರಿಯಿಂದ ಫಿಫಾ ವರ್ಗಾವಣೆ ನಿಯಮಾವಳಿಯ 2ನೇ ಅನುಬಂಧ ಕೋಚ್‌ಗಳಿಗೂ ರಕ್ಷಣೆ ಕೊಟ್ಟಿದೆ. ‘ವೀಸಾ ಸಿಕ್ಕರೆ ಮಾತ್ರ ಒಪ್ಪಂದ ಜಾರಿ’ ಎಂಬ ಷರತ್ತಿಗೆ ಅಲ್ಲಿ ಬೆಲೆಯಿಲ್ಲ. ಎರಡು ತಿಂಗಳ ಸಂಬಳ ಬಾಕಿ ಬಿದ್ದರೆ ಕ್ಲಬ್‌ಗೆ ಲಿಖಿತವಾಗಿ ಕನಿಷ್ಠ 15 ದಿನದ ಗಡುವು ಕೊಡಬೇಕು. ಆಗಲೂ ಕೊಡದಿದ್ದರೆ ಒಪ್ಪಂದ ಮುರಿಯಲು ಅದೇ ನ್ಯಾಯವಾದ ಕಾರಣ. ಬಹಳ ಮಂದಿ ಸಿಟ್ಟಿನಲ್ಲಿ ನೋಟಿಸ್ ಕೊಡದೆ ವಿಮಾನ ಹತ್ತಿಬಿಡುತ್ತಾರೆ. ಕೆಲಸ ಬಿಟ್ಟುಹೋದವರು ನೀವೇ ಎಂದು ಕ್ಲಬ್ ವಾದಿಸಲು ಅಷ್ಟು ಸಾಕು.

ಕಾರಣವಿಲ್ಲದೆ ತೆಗೆದುಹಾಕಿದರೆ, ಒಪ್ಪಂದದಲ್ಲಿ ಬೇರೆ ಮೊತ್ತ ಬರೆದಿರದಿದ್ದಲ್ಲಿ, ಉಳಿದ ಅವಧಿಯ ಸಂಬಳವೇ ಪರಿಹಾರದ ಆಧಾರ. ನಡುವೆ ಬೇರೆ ಕ್ಲಬ್ ಸೇರಿದರೆ ಆ ಅವಧಿಗೆ ಅಲ್ಲಿ ಬರುವ ಸಂಬಳ ಕಳೆಯುತ್ತಾರೆ. ಇಂಥ ವಿವಾದ ತೀರ್ಮಾನಿಸುವ ಫಿಫಾ ಫುಟ್‌ಬಾಲ್ ಟ್ರಿಬ್ಯೂನಲ್‌ಗೆ 2 ವರ್ಷದೊಳಗೆ ದೂರು ಕೊಡಬೇಕು. ತೀರ್ಪಿನ ಮೊತ್ತವನ್ನು ಕ್ಲಬ್ 45 ದಿನದಲ್ಲಿ ಕಟ್ಟದಿದ್ದರೆ ಹೊಸ ಆಟಗಾರರ ನೋಂದಣಿಗೆ ನಿಷೇಧ ಬೀಳುತ್ತದೆ. ಕ್ಲಬ್‌ಗಳು ಹೆದರುವುದು ಇದಕ್ಕೇ.

ಒಂದು ದೊಡ್ಡ ಕೊರತೆ ಇದೆ. ಈ ನಿಯಮ ವೃತ್ತಿಪರ ಕ್ಲಬ್ ಮತ್ತು ಫೆಡರೇಷನ್‌ಗಳಿಗೆ ಮಾತ್ರ. ಖಾಸಗಿ ಅಕಾಡೆಮಿಯಲ್ಲಿ ಕೆಲಸಕ್ಕೆ ಸೇರಿದವರ ದೂರನ್ನು ಫಿಫಾ ಕೇಳುವುದಿಲ್ಲ, ಆ ದೇಶದ ಕಾರ್ಮಿಕ ನ್ಯಾಯಾಲಯಕ್ಕೇ ಹೋಗಬೇಕು. ಆದ್ದರಿಂದ ಅಂಥ ಆಫರ್ ಬಂದವರು ಸಹಿ ಹಾಕುವ ಮೊದಲು ಅಲ್ಲಿನ ಕಾರ್ಮಿಕ ಕಾನೂನು ಬಲ್ಲ ವಕೀಲರಿಗೆ ಒಪ್ಪಂದ ತೋರಿಸಲಿ.

— ಕೆಲವು ಫುಟ್‌ಬಾಲ್ ತರಬೇತುದಾರರು, ಕಾರವಾರ